ಒಂದು ಇಂಚು ಬಟ್ಟೆ

ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿಯ ಊರಲ್ಲಿ
ಹನ್ನೊಂದು ವರ್ಷ ತೆರೆಯದ ಶೆಡ್ಡು ಇದು.
ತೆರೆದಾಗ ದೀಪ ಉರಿಯುತ್ತಿರಲಿಲ್ಲ.
ಇಲಿ ಇತ್ತು. ಎರಡು ಸೀಟಿನ ವಿಮಾನ ಇತ್ತು,
ಹೊಟ್ಟೆಯ ಬಟ್ಟೆ ಹಳೇ ಹಪ್ಪಳ:
ಬೆರಳೊತ್ತಿದರೆ ಚಟ್ಟನೆ ಒಳಗೆ.

ಬಿಚ್ಚಿದೆವು, ಗಾಯದ ಪಟ್ಟಿ ಬಿಚ್ಚುವ ಹಾಗೆ,
ಅಂಟಿದ ಕಡೆ ನೀರು ಚಿಮುಕಿಸಿ.
ಒಳಗೆ ಕೊಳವೆಗಳು, ತುಕ್ಕು ಅಷ್ಟಿಲ್ಲ,
ಯಾವುದೋ ಚಳಿದೇಶದ ಮರದ ತೆಳುಪಟ್ಟಿಗಳು.
ಬಾಲದ ಹತ್ತಿರ ಒಂದು ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ:
ರಾಜಮ್ಮಣ್ಣಿ. ಬುಧವಾರ. ದಾರ ಮುಗಿಯಿತು.
ಯಾರೋ ಗೊತ್ತಿಲ್ಲ.
ಅಲ್ಲಿಂದಾಚೆ ಗಂಟುಗಳ ಬಣ್ಣ ಬೇರೆ, ದಾರ ಬೇರೆ.
ಅದೂ ಹಿಡಿದಿತ್ತು.

ಕಟ್ಟಿನಕೆರೆ ಮಾರುಕಟ್ಟೆ ಪಕ್ಕದ ಜವಳಿ ಅಂಗಡಿಯಲ್ಲಿ
ಬಟ್ಟೆ ಬೇಕು ಅಂದೆ.
ಯಾರಿಗೆ?
ವಿಮಾನಕ್ಕೆ.
ಕೊರಳಿನ ಟೇಪು ತೆಗೆಯದೆ ಶೆಟ್ಟರು ಕೇಳಿದರು:
ಗಂಡೋ ಹೆಣ್ಣೋ, ಅಳತೆ ತಂದಿದ್ದೀರಾ?

ನಗಲಿಲ್ಲ ನಾನು. ಕೈಪಿಡಿಯಲ್ಲಿ ಇರುವುದು ಇಷ್ಟೇ:
ಒಂದು ಇಂಚು ಅಗಲದ ಪಟ್ಟಿ, ಹಳತಾದರೂ
ಇಪ್ಪತ್ತೈದು ಕಿಲೋ ತಡೆಯಬೇಕು,
ಹೊಸತಾದರೆ ಮೂವತ್ತಾರು.
ಶೆಡ್ಡಿನ ತೊಲೆಗೆ ಪಟ್ಟಿ ಕಟ್ಟಿ ಅಕ್ಕಿಮೂಟೆ ತೂಗಿದೆವು.
ಪಾಪ್ಲಿನ್ ಉಸಿರೂ ಬಿಡದೆ ಹೋಯಿತು.
ಖಾಕಿ ಸ್ವಲ್ಪ ಯೋಚಿಸಿ ಹೋಯಿತು.
ಪಂಚೆಯ ಅಂಚು, ಬರೀ ಅಂಚು ಮಾತ್ರ, ನಿಂತಿತು.
ಟೆಂಟಿನ ಕ್ಯಾನ್‌ವಾಸು ಹಟಮಾರಿ, ಜಪ್ಪಯ್ಯ ಅನ್ನಲಿಲ್ಲ;
ಅದನ್ನು ಹೊದೆಸಿದರೆ ಮಾತ್ರ ಈ ವಿಮಾನ
ಬೂವನಹಳ್ಳಿ ಬಸ್‌ಸ್ಟಾಪಿನ ತನಕ ರಸ್ತೆಯಲ್ಲೇ ಹೋಗಬೇಕು.
ಚೆಲ್ಲಿದ ಅಕ್ಕಿಗೆ ಗುಬ್ಬಿಗಳು ಬಂದವು.
ಆ ವಾರ ಹಾರಿದ್ದು ಅವೇ.

ಕೊನೆಗೆ ಸರಿಯಾದ ಬಟ್ಟೆ ಬಂತು, ಹಡಗು ಇಳಿದು,
ಮೂರು ತಿಂಗಳು ಸುಂಕದ ಕಟ್ಟೆಯಲ್ಲಿ ಕೂತು,
ಜೊತೆಗೆ ಮೊಹರು ಒತ್ತಿದ ಕಾಗದ.
ಎರಡನ್ನೂ ಎಳೆದು ನೋಡಿದೆ. ಕಾಗದವೇ ಗಟ್ಟಿ.

ಹೊಲಿಯಲು ಪೆನ್ಷನ್ ಮೊಹಲ್ಲಾದ ಖಲಂದರ್ ಸಾಬರು,
ಸಕಲೇಶಪುರದ ಕಡೆಯ ಅರ್ಧ ಜೀಪುಗಳಿಗೆ
ಹುಡ್ ಹೊಲಿದ ಕೈ. ಬಾಗಿದ ದಬ್ಬಳ ಅವರದೇ,
ದಾರಕ್ಕೆ ಉಜ್ಜುವ ಜೇನುಮೇಣ ಬಾಳ್ಳುಪೇಟೆಯದು,
ಒಂದು ನೊಣದ ಕಾಲು ಇನ್ನೂ ಅದರಲ್ಲೇ ಇತ್ತು.
ಸುತ್ತ ಒಂದು ಸುತ್ತು ಬಂದು ಕೇಳಿದರು:
ಜೀಪಿಗಾದರೆ ಮಳೆ ಒಳಗೆ ಬರಬಾರದು.
ಇದಕ್ಕೆ ಏನು ಬರಬಾರದು?
ಹೇಳಲು ಹೋಗಿ ಸುಮ್ಮನಾದೆ.
ಗಾಳಿ ಅಂದರೆ ಸಾಲದು. ಗಾಳಿಯೇ ಬೇಕು ಇದಕ್ಕೆ,
ಹೊರಗೆ ಬೇಕು.
ಅವರು ಕಾಯಲಿಲ್ಲ, ದಾರ ಪೋಣಿಸಿದ್ದರು.

ಆಮೇಲೆ ಇಸ್ತ್ರಿ. ಇದ್ದಿಲಿನದು ಬೇಡ,
ಬಿಸಿ ಅಳೆಯಲು ಬರುವುದು ಬೇಕು.
ಸುಕ್ಕು ಒಂದೊಂದಾಗಿ ಬಾಲದ ಕಡೆ ಓಡಿ
ಎಲ್ಲಿ ಹೋಯಿತೋ ಹೋಯಿತು.
ಸಾಬರು ಬೆರಳಿನಿಂದ ಚಿಮ್ಮಿದರು. ಡಂ.
ಇನ್ನೊಮ್ಮೆ, ಸೀಟಿನ ಹಿಂದೆ. ಡಂ.
ಬಾಲದ ಹತ್ತಿರ ಸ್ವಲ್ಪ ಕೆಳಗಿನ ಸ್ವರ.
ಅದನ್ನು ಬಿಚ್ಚಬೇಕು ಅಂದರು, ನಾಳೆ.

ಬಟ್ಟೆಗೆ ಬಳಿಯುವ ಮೆರುಗೆಣ್ಣೆ ಮಾತ್ರ ಬಂದಿಲ್ಲ.
ಬೆಂಕಿ ಹತ್ತುವ ಮಾಲು, ಬಸ್ಸಿನವರು ಒಲ್ಲರು.
ಲಾರಿ ಆಫೀಸಿನವನು ರಸೀದಿ ಮೂಸಿ ನೋಡಿ
ಉಗುರುಬಣ್ಣವಾ ಸಾರ್, ಇಷ್ಟೊಂದಾ, ಅಂದ.
ಡಬ್ಬಿಗಳು ಈಗ ಚನ್ನರಾಯಪಟ್ಟಣದಲ್ಲಿ ಇವೆಯಂತೆ,
ಈರುಳ್ಳಿ ಮೂಟೆಗಳ ಕೆಳಗೆ.

ಸಂಜೆ ಬಾಗಿಲು ಅರ್ಧ ತೆರೆದರೆ
ಬಿಳಿ ಹೊಟ್ಟೆಯೊಳಗಿಂದ ಬೆಳಕು ಹಾಯುತ್ತದೆ,
ಪಟ್ಟಿಗಳ ನೆರಳು ಎಣಿಸಬಹುದು.
ಬಣ್ಣ ಬಿದ್ದ ಮೇಲೆ ಇದು ಯಾರಿಗೂ ಕಾಣದು.
ಇವತ್ತು ಶುಕ್ರವಾರ.
ದಾರ ಇದೆ, ಇನ್ನೂ ಒಂದೂವರೆ ಉಂಡೆ.